ತೆರೆದ ವಿಂಡೋಗಳಿಗೆ ಕೀಲಿಮಣೆಯ ಕಡಿವಾಣ

ಕಂಪ್ಯೂಟರಿನ ಪರದೆಯಲ್ಲಿ ತೆರೆದಿರುವ ವಿಂಡೋಗಳನ್ನು ಮೌಸ್ ಮುಟ್ಟದೆಯೇ ಬದಲಿಸಬಹುದು, ಪಕ್ಕಪಕ್ಕ ಜೋಡಿಸಬಹುದು, ಮರೆಮಾಡಬಹುದು, ಮುಚ್ಚಬಹುದು. ಎರಡು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಇದನ್ನೆಲ್ಲ ಮಾಡಿಸುವ ಶಾರ್ಟ್‌ಕಟ್‌ಗಳು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇವೆ. ನಕಲು ಮಾಡುವ ಕಂಟ್ರೋಲ್ + ಸಿ, ಅಂಟಿಸುವ ಕಂಟ್ರೋಲ್ + ವಿ ಹೆಚ್ಚಿನವರಿಗೆ ಗೊತ್ತು. ವಿಂಡೋಗಳನ್ನು ನಿಭಾಯಿಸುವ ಕೀಲಿಗಳಿಗೆ ಆ ಅದೃಷ್ಟವಿಲ್ಲ. ಉದ್ದನೆಯ ಪಟ್ಟಿಯನ್ನು ನೋಡಿದವರು ಇಷ್ಟನ್ನೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದು ಅಲ್ಲಿಗೇ ಕೈಬಿಡುತ್ತಾರೆ. ಆದರೆ ಆ ಪಟ್ಟಿ ಮನಬಂದಂತೆ ಬೆಳೆದದ್ದಲ್ಲ. ಯಾವ ಕೀಲಿಗೆ ಯಾವ ಕೆಲಸ ಎಂಬುದರ ಹಿಂದೆ ಒಂದು ಕ್ರಮವಿದೆ. ಆ ಕ್ರಮ ತಿಳಿದರೆ ಬಾಯಿಪಾಠದ ಹೊರೆ ಬಹಳಷ್ಟು ಇಳಿಯುತ್ತದೆ.

ವಿಂಡೋ ಬಂದ ದಾರಿ

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ತಮ್ಮ ತಂಡ ರೂಪಿಸಿದ ವ್ಯವಸ್ಥೆಯನ್ನು ಸಭಿಕರ ಮುಂದೆ ನಡೆಸಿ ತೋರಿಸಿದರು. ಮೌಸ್ ಅನ್ನು ಸಾರ್ವಜನಿಕವಾಗಿ ತೋರಿಸಿದ್ದು ಆ ಪ್ರಾತ್ಯಕ್ಷಿಕೆಯಲ್ಲೇ. ಅವರ ಬಲಗೈಯಲ್ಲಿ ಮೌಸ್ ಇದ್ದರೆ ಎಡಗೈಯ ಕೆಳಗೆ ಐದು ಕೀಲಿಗಳ ಪುಟ್ಟ ಮಣೆ ಇತ್ತು. ಹಲವು ಕೀಲಿಗಳನ್ನು ಒಮ್ಮೆಗೇ ಒತ್ತಿ ಅದರಿಂದ ಆದೇಶ ಕೊಡುತ್ತಿದ್ದರು. ಮೌಸ್ ಹುಟ್ಟಿದ ಕಾಲದಲ್ಲೇ ಅದರ ಜೊತೆಗೆ ಕೀಲಿಗಳೂ ಇದ್ದವು ಎಂಬುದನ್ನು ಇಲ್ಲಿ ಗಮನಿಸಬೇಕು.

ಒಂದರ ಮೇಲೊಂದು ಹರಡಿಕೊಳ್ಳುವ ವಿಂಡೋಗಳು 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡವು. 1984ರಲ್ಲಿ ಬಂದ ಆಪಲ್ ಕಂಪನಿಯ ಮೆಕಿಂಟಾಷ್ ಅವನ್ನು ಜನಸಾಮಾನ್ಯರ ಮೇಜಿಗೆ ತಂದಿತು. ಬಳಕೆದಾರರು ಮೌಸ್‌ಗೆ ಒಗ್ಗಲೆಂದು ಆ ಮೊದಲ ಮೆಕಿಂಟಾಷ್‌ನ ಕೀಲಿಮಣೆಯಲ್ಲಿ ಬಾಣದ ಕೀಲಿಗಳನ್ನೇ ಇಟ್ಟಿರಲಿಲ್ಲ.

ಪಿಸಿಗಳ ದಾರಿ ಬೇರೆಯಾಯಿತು. 1985ರ ನವೆಂಬರ್‌ನಲ್ಲಿ ವಿಂಡೋಸ್‌ನ ಮೊದಲ ಆವೃತ್ತಿ ಹೊರಬಂದಾಗ ಬಹಳಷ್ಟು ಪಿಸಿಗಳಿಗೆ ಮೌಸ್ ಇರಲಿಲ್ಲ. ಹಾಗಾಗಿ ಎಲ್ಲ ಕೆಲಸವೂ ಕೀಲಿಗಳಿಂದ ಆಗುವಂತಿರಬೇಕಿತ್ತು. 1987ರಲ್ಲಿ ಐಬಿಎಂ ಕಂಪನಿ ತಂತ್ರಾಂಶಗಳು ಬಳಕೆದಾರರೊಡನೆ ವ್ಯವಹರಿಸುವ ರೀತಿಗೆ ಒಂದು ಸಾಮಾನ್ಯ ನಿಯಮಾವಳಿಯನ್ನು ಪ್ರಕಟಿಸಿತು. ವಿಂಡೋ ಮುಚ್ಚಲು ಆಲ್ಟ್ + ಎಫ್4, ಸಹಾಯಕ್ಕೆ ಎಫ್1 ಎಂಬ ಇಂದಿಗೂ ನಡೆಯುವ ರೂಢಿಗಳ ಮೂಲ ಅಲ್ಲಿದೆ. 1994ರಲ್ಲಿ ಮೈಕ್ರೋಸಾಫ್ಟ್‌ನ ನ್ಯಾಚುರಲ್ ಕೀಬೋರ್ಡ್ ಜೊತೆ ವಿಂಡೋಸ್ ಚಿಹ್ನೆಯ ಹೊಸ ಕೀಲಿಯೊಂದು ಬಂದಿತು. ಮರುವರ್ಷ ವಿಂಡೋಸ್ 95 ಜೊತೆ, ತೆರೆದ ತಂತ್ರಾಂಶಗಳನ್ನು ಪರದೆಯ ಅಂಚಿನಲ್ಲಿ ಸಾಲಾಗಿ ತೋರಿಸುವ ಟಾಸ್ಕ್‌ಬಾರ್ ಬಂದಿತು. ಇಂದಿನ ಹಲವು ಶಾರ್ಟ್‌ಕಟ್‌ಗಳು ನಿಂತಿರುವುದು ಈ ಎರಡರ ಮೇಲೆ.

ಉಳಿಯುವುದು ಏನು?

ಕೀಲಿಗಳಿಂದ ಎಷ್ಟು ಸಮಯ ಉಳಿಯುತ್ತದೆ ಎಂಬುದನ್ನು ಲೆಕ್ಕ ಹಾಕಲು ಒಂದು ವಿಧಾನವಿದೆ. ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್, ಆ್ಯಲನ್ ನ್ಯೂವೆಲ್ ಎಂಬ ಮೂವರು ಸಂಶೋಧಕರು 1980ರಲ್ಲಿ ಅದನ್ನು ಪ್ರಕಟಿಸಿದರು. ಕಂಪ್ಯೂಟರಿನ ಮುಂದೆ ಮಾಡುವ ಪ್ರತಿ ಕೆಲಸವನ್ನೂ ಅವರು ಸಣ್ಣ ಸಣ್ಣ ಚಲನೆಗಳಾಗಿ ಒಡೆದು, ಒಂದೊಂದಕ್ಕೂ ಸರಾಸರಿ ಸಮಯ ಗೊತ್ತುಮಾಡಿದರು. ಚೆನ್ನಾಗಿ ಟೈಪ್ ಮಾಡಬಲ್ಲವರಿಗೆ ಒಂದು ಕೀಲಿ ಒತ್ತಲು 0.2 ಸೆಕೆಂಡ್, ಕೈಯನ್ನು ಕೀಲಿಮಣೆಯಿಂದ ಮೌಸ್‌ಗೆ ಒಯ್ಯಲು 0.4 ಸೆಕೆಂಡ್, ಪರದೆಯ ಮೇಲಿನ ಗುರಿಗೆ ಮೌಸ್‌ನ ಬಾಣವನ್ನು ತಲುಪಿಸಲು 1.1 ಸೆಕೆಂಡ್ ಬೇಕು.

ಬರೆಯುತ್ತಿರುವವರು ಇನ್ನೊಂದು ವಿಂಡೋಗೆ ಹೋಗಬೇಕಾಗಿದೆ ಎಂದುಕೊಳ್ಳಿ. ಕೈ ಮೌಸ್‌ಗೆ ಹೋಗಬೇಕು, ಟಾಸ್ಕ್‌ಬಾರ್‌ನ ಚಿಹ್ನೆಯನ್ನು ಹುಡುಕಿ ತಲುಪಬೇಕು, ಕ್ಲಿಕ್ ಮಾಡಬೇಕು, ಮತ್ತೆ ಕೀಲಿಮಣೆಗೆ ಮರಳಬೇಕು. ಇಷ್ಟಕ್ಕೆ ಸುಮಾರು 2.1 ಸೆಕೆಂಡ್ ಹಿಡಿಯುತ್ತದೆ. ಆಲ್ಟ್ + ಟ್ಯಾಬ್ ಒತ್ತಲು ಎರಡೇ ಕೀಲಿ, ಅಂದರೆ 0.4 ಸೆಕೆಂಡ್. ಒಂದು ಸಲಕ್ಕೆ 1.7 ಸೆಕೆಂಡ್ ಉಳಿದಂತಾಯಿತು. ದಿನಕ್ಕೆ ಇನ್ನೂರು ಸಲ ಹೀಗೆ ವಿಂಡೋ ಬದಲಿಸುವವರಿಗೆ ಉಳಿಯುವುದು ಆರು ನಿಮಿಷಕ್ಕಿಂತ ಕಡಿಮೆ.

ಆರು ನಿಮಿಷ ದೊಡ್ಡ ಗಳಿಕೆ ಎನಿಸಲಾರದು. ನಿಜವಾದ ಲಾಭ ಗಮನದ್ದು. ಮೌಸ್ ಬಳಸುವಾಗ ಕಣ್ಣು ಬರಹದಿಂದ ಕದಲಿ ಪರದೆಯ ಅಂಚಿಗೆ ಹೋಗುತ್ತದೆ, ಒಂದೇ ಬಗೆಯ ಚಿಹ್ನೆಗಳ ನಡುವೆ ಬೇಕಾದದ್ದನ್ನು ಹುಡುಕುತ್ತದೆ. ಅಷ್ಟರಲ್ಲಿ ಮನಸ್ಸಿನಲ್ಲಿದ್ದ ವಾಕ್ಯ, ನೋಡಿಟ್ಟುಕೊಂಡಿದ್ದ ಅಂಕಿ ಜಾರಿಹೋಗಬಹುದು. ಬೆರಳಿಗೆ ರೂಢಿಯಾದ ಕೀಲಿಗೆ ಕಣ್ಣಿನ ನೆರವು ಬೇಡ. ಮೌಸ್ ಹಿಡಿದು ಹಿಡಿದು ಮಣಿಕಟ್ಟು, ಭುಜ ನೋಯುವವರಿಗೆ ಕೈಗೆ ಸಿಗುವ ಬಿಡುವು ಇನ್ನೊಂದು ಲಾಭ.

ಕೀಲಿಗಳ ಕೆಲಸದ ಹಂಚಿಕೆ

ಕಂಟ್ರೋಲ್, ಆಲ್ಟ್, ವಿಂಡೋಸ್, ಶಿಫ್ಟ್ ಈ ನಾಲ್ಕು ಕೀಲಿಗಳು ತಾವಾಗಿ ಅಕ್ಷರ ಮೂಡಿಸುವುದಿಲ್ಲ. ಜೊತೆಗೆ ಒತ್ತಿದ ಕೀಲಿಯ ಅರ್ಥವನ್ನು ಬದಲಿಸುವುದು ಇವುಗಳ ಕೆಲಸ. ವಿಂಡೋಸ್ ವ್ಯವಸ್ಥೆಯಲ್ಲಿ ಇವು ಒಂದೊಂದು ಹಂತವನ್ನು ನೋಡಿಕೊಳ್ಳುತ್ತವೆ. ಕಂಟ್ರೋಲ್ ಕೀಲಿ ಒಂದು ವಿಂಡೋದ ಒಳಗಿನ ಸಂಗತಿಗಳಿಗೆ, ಆಲ್ಟ್ ಇಡೀ ವಿಂಡೋಗೆ, ವಿಂಡೋಸ್ ಕೀಲಿ ಇಡೀ ವ್ಯವಸ್ಥೆಗೆ. ಶಿಫ್ಟ್ ಕೀಲಿ ಬಹುಮಟ್ಟಿಗೆ ದಿಕ್ಕನ್ನು ತಿರುಗಿಸುತ್ತದೆ.

ಟ್ಯಾಬ್ ಕೀಲಿಯನ್ನೇ ತೆಗೆದುಕೊಳ್ಳೋಣ. ಕಂಟ್ರೋಲ್ + ಟ್ಯಾಬ್ ಬ್ರೌಸರಿನಲ್ಲಿ ಒಂದು ಪುಟದಿಂದ ಮುಂದಿನ ಪುಟಕ್ಕೆ ಒಯ್ಯುತ್ತದೆ. ಆಲ್ಟ್ + ಟ್ಯಾಬ್ ಒಂದು ವಿಂಡೋದಿಂದ ಇನ್ನೊಂದಕ್ಕೆ ಒಯ್ಯುತ್ತದೆ. ವಿಂಡೋಸ್ + ಟ್ಯಾಬ್ ಒತ್ತಿದರೆ ತೆರೆದಿರುವ ಎಲ್ಲ ವಿಂಡೋಗಳೂ, ಒಂದಕ್ಕಿಂತ ಹೆಚ್ಚು ಡೆಸ್ಕ್‌ಟಾಪ್‌ಗಳಿದ್ದರೆ (ಇವುಗಳ ವಿವರ ಮುಂದಿದೆ) ಅವೂ ಒಟ್ಟಾಗಿ ಕಾಣುತ್ತವೆ. ಎಫ್4 ಕೀಲಿಯೂ ಹೀಗೆಯೇ. ಕಂಟ್ರೋಲ್ + ಎಫ್4 ವಿಂಡೋದೊಳಗಿನ ಒಂದು ಪುಟ ಅಥವಾ ಕಡತವನ್ನು ಮುಚ್ಚಿದರೆ, ಆಲ್ಟ್ + ಎಫ್4 ಇಡೀ ವಿಂಡೋವನ್ನು ಮುಚ್ಚುತ್ತದೆ. ವಿಂಡೋಸ್ + ಕಂಟ್ರೋಲ್ + ಎಫ್4 ಒಂದು ಡೆಸ್ಕ್‌ಟಾಪನ್ನೇ ತೆಗೆದುಹಾಕುತ್ತದೆ. ಆಲ್ಟ್ + ಟ್ಯಾಬ್ ಜೊತೆ ಶಿಫ್ಟ್ ಸೇರಿದರೆ ಸರದಿ ಹಿಮ್ಮುಖವಾಗುತ್ತದೆ. ವಿಂಡೋಸ್ + ಎಂ ಎಲ್ಲ ವಿಂಡೋಗಳನ್ನೂ ಕೆಳಗಿಳಿಸಿದರೆ, ಅದಕ್ಕೆ ಶಿಫ್ಟ್ ಸೇರಿದಾಗ ಎಲ್ಲವೂ ಮೇಲೇಳುತ್ತವೆ. ಎಲ್ಲ ಶಾರ್ಟ್‌ಕಟ್‌ಗಳೂ ಈ ಚೌಕಟ್ಟಿಗೆ ಕೂಡುವುದಿಲ್ಲ. ಆದರೆ ದಿನವೂ ಬೇಕಾಗುವವು ಬಹುಪಾಲು ಕೂಡುತ್ತವೆ.

ಒಂದರಿಂದ ಇನ್ನೊಂದಕ್ಕೆ

ಹೆಚ್ಚು ಬಳಕೆಯಾಗುವುದು ಆಲ್ಟ್ + ಟ್ಯಾಬ್. ಅದು ವಿಂಡೋಗಳನ್ನು ಇತ್ತೀಚೆಗೆ ಬಳಸಿದ ಕ್ರಮದಲ್ಲಿ ಇಡುತ್ತದೆ. ಮೇಜಿನ ಮೇಲಿನ ಕಡತಗಳ ಕಟ್ಟಿನಂತೆ, ಈಗಷ್ಟೇ ನೋಡಿದ್ದು ಮೇಲಿರುತ್ತದೆ, ಅದಕ್ಕೆ ಮೊದಲು ನೋಡಿದ್ದು ಅದರ ಕೆಳಗೆ. ಆದ್ದರಿಂದ ಒಮ್ಮೆ ಒತ್ತಿ ಬಿಟ್ಟರೆ ಹಿಂದಿನ ವಿಂಡೋ ಬರುತ್ತದೆ, ಮತ್ತೊಮ್ಮೆ ಒತ್ತಿದರೆ ಮೊದಲಿನದಕ್ಕೇ ಮರಳಬಹುದು. ಒಂದು ಪುಟವನ್ನು ಓದುತ್ತ ಇನ್ನೊಂದರಲ್ಲಿ ಟಿಪ್ಪಣಿ ಮಾಡುವವರಿಗೆ, ಒಂದು ಪಟ್ಟಿಯ ಅಂಕಿಗಳನ್ನು ಇನ್ನೊಂದಕ್ಕೆ ತಾಳೆ ನೋಡುವವರಿಗೆ ಇದಿಷ್ಟೇ ಸಾಕು.

ಮೂರನೆಯ, ನಾಲ್ಕನೆಯ ವಿಂಡೋ ಬೇಕಾದಾಗ ಆಲ್ಟ್ ಕೀಲಿಯನ್ನು ಹಿಡಿದೇ ಇದ್ದು ಟ್ಯಾಬನ್ನು ಮತ್ತೆ ಮತ್ತೆ ಒತ್ತಬೇಕು. ಎಲ್ಲ ವಿಂಡೋಗಳ ಸಣ್ಣ ಚಿತ್ರಗಳು ಸಾಲಾಗಿ ಕಾಣುತ್ತವೆ. ಬಾಣದ ಕೀಲಿಗಳಿಂದಲೂ ಆ ಸಾಲಿನಲ್ಲಿ ಸರಿಯಬಹುದು. ಬೇಡವಾದ ವಿಂಡೋ ಕಂಡರೆ ಅಲ್ಲಿಯೇ ಡಿಲೀಟ್ ಒತ್ತಿ ಅದನ್ನು ಮುಚ್ಚಬಹುದು. ಕೀಲಿಯನ್ನು ಹಿಡಿದುಕೊಂಡಿರುವುದು ಕಷ್ಟವಾದರೆ ಕಂಟ್ರೋಲ್ + ಆಲ್ಟ್ + ಟ್ಯಾಬ್ ಒತ್ತಿ ಬಿಟ್ಟರಾಯಿತು. ಸಾಲು ಪರದೆಯ ಮೇಲೆ ಹಾಗೇ ನಿಲ್ಲುತ್ತದೆ, ಬಾಣದಿಂದ ಆಯ್ದು ಎಂಟರ್ ಒತ್ತಬಹುದು.

ಹತ್ತಾರು ವಿಂಡೋಗಳು ತೆರೆದಿದ್ದಾಗ ಈ ಸರದಿ ಉದ್ದವಾಗುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಅಂಕಿಗಳು. ಟಾಸ್ಕ್‌ಬಾರ್‌ನ ಮೊದಲ ಚಿಹ್ನೆಗೆ ವಿಂಡೋಸ್ + 1, ಎರಡನೆಯದಕ್ಕೆ ವಿಂಡೋಸ್ + 2, ಹೀಗೆ ಸಾಗುತ್ತದೆ. ಆ ತಂತ್ರಾಂಶ ತೆರೆದಿರದಿದ್ದರೆ ತೆರೆಯುತ್ತದೆ, ತೆರೆದಿದ್ದರೆ ಮುಂದೆ ಬರುತ್ತದೆ. ಒಂದೇ ತಂತ್ರಾಂಶದ ಹಲವು ವಿಂಡೋಗಳಿದ್ದರೆ ವಿಂಡೋಸ್ ಕೀಲಿ ಹಿಡಿದು ಅದೇ ಅಂಕಿಯನ್ನು ಮತ್ತೆ ಒತ್ತಿದಂತೆ ಒಂದೊಂದೇ ಮುಂದೆ ಬರುತ್ತವೆ. ಶಿಫ್ಟ್ ಸೇರಿಸಿದರೆ ಅದೇ ತಂತ್ರಾಂಶದ ಹೊಸ ವಿಂಡೋ ಸಿಗುತ್ತದೆ. ಆಲ್ಟ್ + ಟ್ಯಾಬ್‌ನ ಕ್ರಮ ಕ್ಷಣಕ್ಷಣಕ್ಕೂ ಬದಲಾದರೆ ಅಂಕಿಗಳ ಕ್ರಮ ಸ್ಥಿರ. ಬ್ರೌಸರ್ ಸದಾ 1, ಬರೆಯುವ ತಂತ್ರಾಂಶ ಸದಾ 2 ಎಂದು ಟಾಸ್ಕ್‌ಬಾರ್‌ನಲ್ಲಿ ಒಮ್ಮೆ ಜೋಡಿಸಿಟ್ಟುಕೊಂಡವರಿಗೆ ಹುಡುಕಾಟವೇ ಇರುವುದಿಲ್ಲ.

ಪಕ್ಕಪಕ್ಕ ಜೋಡಿಸುವುದು

ವಿಂಡೋಸ್‌ನ ಮೊದಲ ಆವೃತ್ತಿಯಲ್ಲಿ ಮುಖ್ಯ ವಿಂಡೋಗಳು ಒಂದರ ಮೇಲೊಂದು ಏರುವಂತಿರಲಿಲ್ಲ, ಪರದೆಯನ್ನು ಹಂಚಿಕೊಂಡು ಪಕ್ಕಪಕ್ಕ ಕೂರುತ್ತಿದ್ದವು. 1987ರ ಎರಡನೆಯ ಆವೃತ್ತಿಯಲ್ಲಿ ಒಂದರ ಮೇಲೊಂದು ಏರಲು ಅವಕಾಶವಾಯಿತು. ಅದರಿಂದ ಸ್ವಾತಂತ್ರ್ಯ ಹೆಚ್ಚಿತು, ಕೆಳಗೆ ಸಿಕ್ಕಿದ್ದನ್ನು ಹುಡುಕುವ ಪಾಡೂ ಹೆಚ್ಚಿತು. 2009ರ ವಿಂಡೋಸ್ 7 ಪಕ್ಕಪಕ್ಕದ ಜೋಡಣೆಯನ್ನು ಸುಲಭ ಕೀಲಿಗಳ ರೂಪದಲ್ಲಿ ಮರಳಿ ತಂದಿತು.

ವಿಂಡೋಸ್ ಕೀಲಿಯ ಜೊತೆ ಎಡ ಬಾಣ ಒತ್ತಿದರೆ ಆಗ ಬಳಕೆಯಲ್ಲಿರುವ ವಿಂಡೋ ಪರದೆಯ ಎಡ ಅರ್ಧಕ್ಕೆ ಸರಿಯಾಗಿ ಕೂರುತ್ತದೆ. ಬಲ ಬಾಣಕ್ಕೆ ಬಲ ಅರ್ಧ. ವಿಂಡೋಸ್ 10 ರಿಂದೀಚೆಗೆ, ಉಳಿದ ಅರ್ಧದಲ್ಲಿ ಬೇರೆ ಯಾವ ವಿಂಡೋ ಕೂರಬೇಕೆಂದು ವ್ಯವಸ್ಥೆಯೇ ಕೇಳುತ್ತದೆ. ಬಾಣದಿಂದ ಆಯ್ದು ಎಂಟರ್ ಒತ್ತಿದರೆ ಎರಡೂ ಎದುರುಬದುರಾಗುತ್ತವೆ. ಎಡಕ್ಕೆ ಕೂರಿಸಿದ ಮೇಲೆ ವಿಂಡೋಸ್ + ಮೇಲಿನ ಬಾಣ ಒತ್ತಿದರೆ ವಿಂಡೋ ಮೇಲಿನ ಕಾಲುಭಾಗಕ್ಕೆ ಕುಗ್ಗುತ್ತದೆ. ಹೀಗೆ ಪರದೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ವಿಂಡೋಗಳನ್ನು ಇಡಬಹುದು. ಎಲ್ಲಿಯೂ ಕೂರಿಸದ ವಿಂಡೋಗೆ ಮೇಲಿನ ಬಾಣ ಇಡೀ ಪರದೆಯನ್ನು ಕೊಡುತ್ತದೆ. ಕೆಳಗಿನ ಬಾಣ ಅದನ್ನು ಮೊದಲು ಹಳೆಯ ಅಳತೆಗೆ ತರುತ್ತದೆ, ಮತ್ತೊಮ್ಮೆ ಒತ್ತಿದರೆ ಟಾಸ್ಕ್‌ಬಾರ್‌ಗೆ ಇಳಿಸುತ್ತದೆ. 2021ರಲ್ಲಿ ಬಂದ ವಿಂಡೋಸ್ 11ರಲ್ಲಿ ವಿಂಡೋಸ್ + ಝಡ್ ಒತ್ತಿದರೆ ಹಲವು ಜೋಡಣೆಗಳ ನಕ್ಷೆ ಮೂಡುತ್ತದೆ. ಅಗಲವಾದ ಪರದೆಯಲ್ಲಿ ಮೂರು ಅಂಕಣಗಳಾಗಿ ಹಂಚಲು ಅದು ಅನುಕೂಲ.

ಎರಡು ಮಾನಿಟರ್ ಇದ್ದವರಿಗೆ ವಿಂಡೋಸ್ + ಶಿಫ್ಟ್ + ಎಡ ಅಥವಾ ಬಲ ಬಾಣ ಬೇಕೇ ಬೇಕು. ವಿಂಡೋ ಒಂದು ಪರದೆಯಿಂದ ಇನ್ನೊಂದಕ್ಕೆ ನೆಗೆಯುತ್ತದೆ. ಎರಡನೆಯ ಮಾನಿಟರ್ ಕಳಚಿದ ಮೇಲೆ ಕೆಲವೊಮ್ಮೆ ವಿಂಡೋ ಕಣ್ಣಿಗೆ ಕಾಣದ ಜಾಗದಲ್ಲಿ ಉಳಿದುಬಿಡುತ್ತದೆ. ಟಾಸ್ಕ್‌ಬಾರ್‌ನಲ್ಲಿ ಚಿಹ್ನೆ ಇದ್ದರೂ ಪರದೆಯ ಮೇಲೆ ಏನೂ ಇರುವುದಿಲ್ಲ. ಆಗ ಆಲ್ಟ್ + ಟ್ಯಾಬ್‌ನಿಂದ ಅದನ್ನು ಆಯ್ದು, ಆಲ್ಟ್ + ಸ್ಪೇಸ್ ಒತ್ತಿ, ನಂತರ ಎಂ ಒತ್ತಿ, ಬಾಣದ ಕೀಲಿಗಳಿಂದ ಕಣ್ಣಿಗೆ ಕಾಣುವಲ್ಲಿಗೆ ಎಳೆದು ಎಂಟರ್ ಒತ್ತಬೇಕು. ಆಲ್ಟ್ + ಸ್ಪೇಸ್ ತೆರೆಯುವುದು ವಿಂಡೋದ ಸ್ವಂತ ಪಟ್ಟಿಯನ್ನು. ಸರಿಸುವುದು, ಅಳತೆ ಬದಲಿಸುವುದು, ಮುಚ್ಚುವುದು ಎಲ್ಲವೂ ಅದರಲ್ಲಿವೆ.

ಮರೆಮಾಡುವುದು, ಮುಚ್ಚುವುದು

ವಿಂಡೋಸ್ + ಡಿ ಒತ್ತಿದರೆ ಎಲ್ಲ ವಿಂಡೋಗಳೂ ಮರೆಯಾಗಿ ಡೆಸ್ಕ್‌ಟಾಪ್ ಕಾಣುತ್ತದೆ. ಅದನ್ನೇ ಮತ್ತೆ ಒತ್ತಿದರೆ ಎಲ್ಲವೂ ಇದ್ದಲ್ಲಿಗೆ ಮರಳುತ್ತವೆ. ವಿಂಡೋಸ್ + ಹೋಮ್ ಕೆಲಸದಲ್ಲಿರುವ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೆಳಗಿಳಿಸುತ್ತದೆ. ಹಲವು ವಿಂಡೋಗಳ ಗದ್ದಲದಲ್ಲಿ ಒಂದೇ ಬರಹದ ಮೇಲೆ ಮನಸ್ಸಿಡಬೇಕೆನ್ನುವವರಿಗೆ ಇದು ಒಳ್ಳೆಯ ನೆರವು. ಕುರ್ಚಿ ಬಿಟ್ಟು ಏಳುವಾಗ ವಿಂಡೋಸ್ + ಎಲ್ ಒತ್ತಿ ಕಂಪ್ಯೂಟರಿಗೆ ಬೀಗ ಹಾಕಬಹುದು. ತೆರೆದ ವಿಂಡೋಗಳು ಒಳಗೆ ಹಾಗೇ ಇರುತ್ತವೆ. ಸಾರ್ವಜನಿಕರು ಬಂದುಹೋಗುವ ಕಚೇರಿಗಳಲ್ಲಿ ಈ ಒಂದು ರೂಢಿಯನ್ನು ಎಲ್ಲರೂ ಕಲಿಯಬೇಕು.

ಮುಚ್ಚುವುದಕ್ಕೆ ಆಲ್ಟ್ + ಎಫ್4. ಉಳಿಸದ ಬರಹವಿದ್ದರೆ ಉಳಿಸಬೇಕೇ ಎಂದು ಹೆಚ್ಚಿನ ತಂತ್ರಾಂಶಗಳು ಕೇಳುತ್ತವೆ. ಯಾವ ವಿಂಡೋ ಕೂಡ ಆಯ್ಕೆಯಾಗಿರದೆ ಡೆಸ್ಕ್‌ಟಾಪ್ ಮುಂದಿದ್ದಾಗ ಇದನ್ನೇ ಒತ್ತಿದರೆ ಕಂಪ್ಯೂಟರ್ ಆಫ್ ಮಾಡುವ ಆಯ್ಕೆಗಳು ತೆರೆಯುತ್ತವೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ ಸಾಲಿನ ಕೀಲಿಗಳಿಗೆ ಧ್ವನಿ, ಬೆಳಕು ಹೊಂದಿಸುವ ಕೆಲಸವನ್ನೂ ವಹಿಸಿರುವುದರಿಂದ ಎಫ್4 ಜೊತೆ ಎಫ್‌ಎನ್ ಕೀಲಿಯನ್ನೂ ಹಿಡಿಯಬೇಕಾಗುತ್ತದೆ. ಬ್ರೌಸರಿನ ಒಂದೇ ಪುಟ ಮುಚ್ಚಲು ಕಂಟ್ರೋಲ್ + ಡಬ್ಲ್ಯೂ. ತಪ್ಪಿ ಮುಚ್ಚಿದ್ದನ್ನು ಮರಳಿ ತೆರೆಯಲು ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೂರರಲ್ಲೂ ಕಂಟ್ರೋಲ್ + ಶಿಫ್ಟ್ + ಟಿ.

ಕೆಲಸಕ್ಕೊಂದು ಡೆಸ್ಕ್‌ಟಾಪ್

ಒಂದೇ ಕಂಪ್ಯೂಟರಿನಲ್ಲಿ ಕಚೇರಿಯ ಲೆಕ್ಕ, ಮಗಳ ಶಾಲೆಯ ಅರ್ಜಿ, ಸಂಘದ ವಾರ್ಷಿಕ ವರದಿ ಎಲ್ಲವೂ ತೆರೆದಿದ್ದರೆ ಎಷ್ಟು ಜೋಡಿಸಿದರೂ ಇಕ್ಕಟ್ಟು ತಪ್ಪದು. 2015ರ ವಿಂಡೋಸ್ 10 ಇದಕ್ಕೆ ಒಂದಕ್ಕಿಂತ ಹೆಚ್ಚು ಡೆಸ್ಕ್‌ಟಾಪ್‌ಗಳನ್ನು ಕೊಟ್ಟಿತು. ವಿಂಡೋಸ್ + ಕಂಟ್ರೋಲ್ + ಡಿ ಹೊಸ ಡೆಸ್ಕ್‌ಟಾಪ್ ತೆರೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗಲು ವಿಂಡೋಸ್ + ಕಂಟ್ರೋಲ್ + ಎಡ ಅಥವಾ ಬಲ ಬಾಣ. ತೆಗೆದುಹಾಕಿದ ಡೆಸ್ಕ್‌ಟಾಪ್‌ನಲ್ಲಿದ್ದ ವಿಂಡೋಗಳು ನಾಶವಾಗುವುದಿಲ್ಲ, ಪಕ್ಕದ ಡೆಸ್ಕ್‌ಟಾಪ್‌ಗೆ ಸೇರಿಕೊಳ್ಳುತ್ತವೆ. ಕೆಲಸಕ್ಕೊಂದು ಡೆಸ್ಕ್‌ಟಾಪ್ ಇಟ್ಟುಕೊಂಡರೆ ಆಲ್ಟ್ + ಟ್ಯಾಬ್‌ನ ಸಾಲೂ ಚಿಕ್ಕದಾಗುತ್ತದೆ. ಆ ಡೆಸ್ಕ್‌ಟಾಪ್‌ನ ವಿಂಡೋಗಳನ್ನಷ್ಟೇ ತೋರಿಸುವುದು ಅದರ ಸಾಮಾನ್ಯ ವರ್ತನೆ.

ಮ್ಯಾಕ್ ಮತ್ತು ಲಿನಕ್ಸ್

ಮ್ಯಾಕ್‌ನಲ್ಲಿ ಕಮಾಂಡ್ ಕೀಲಿಗೆ ಮುಖ್ಯ ಪಾತ್ರ. ಅಲ್ಲಿ ತಂತ್ರಾಂಶ ಬೇರೆ, ಅದರ ವಿಂಡೋ ಬೇರೆ. ಕಮಾಂಡ್ + ಟ್ಯಾಬ್ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯುತ್ತದೆ. ಅದೇ ತಂತ್ರಾಂಶದ ಇನ್ನೊಂದು ವಿಂಡೋ ಬೇಕಾದರೆ ಕಮಾಂಡ್ ಜೊತೆ ಟ್ಯಾಬ್‌ನ ಮೇಲಿರುವ ಕೀಲಿಯನ್ನು ಒತ್ತಬೇಕು. ಕಮಾಂಡ್ + ಡಬ್ಲ್ಯೂ ವಿಂಡೋವನ್ನು ಮಾತ್ರ ಮುಚ್ಚುತ್ತದೆ, ತಂತ್ರಾಂಶ ಒಳಗೆ ನಡೆಯುತ್ತಲೇ ಇರಬಹುದು. ಅದನ್ನೂ ನಿಲ್ಲಿಸಲು ಕಮಾಂಡ್ + ಕ್ಯೂ ಬೇಕು. ಕಮಾಂಡ್ + ಎಚ್ ಒಂದು ತಂತ್ರಾಂಶದ ಎಲ್ಲ ವಿಂಡೋಗಳನ್ನೂ ಮರೆಮಾಡುತ್ತದೆ. ಕಂಟ್ರೋಲ್ + ಮೇಲಿನ ಬಾಣ ಎಲ್ಲ ವಿಂಡೋಗಳನ್ನೂ ಹರಡಿ ತೋರಿಸುತ್ತದೆ. ಪಕ್ಕಪಕ್ಕ ಜೋಡಿಸುವ ಕೀಲಿಗಳಿಗಾಗಿ ಮ್ಯಾಕ್ ಬಳಕೆದಾರರು ಬಹುಕಾಲ ಬೇರೆ ತಂತ್ರಾಂಶಗಳನ್ನು ಅವಲಂಬಿಸಿದ್ದರು. 2024ರ ಸಿಕ್ವೊಯಾ ಆವೃತ್ತಿಯಿಂದ ಎಫ್‌ಎನ್ + ಕಂಟ್ರೋಲ್ + ಬಾಣ ಆ ಕೆಲಸ ಮಾಡುತ್ತದೆ.

ಉಬುಂಟು ಮುಂತಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ಬಳಕೆಯಾಗುವ ಗ್ನೋಮ್ ಪರಿಸರದಲ್ಲಿ ವಿಂಡೋಸ್ ಕೀಲಿಯನ್ನೇ ಸೂಪರ್ ಎನ್ನುತ್ತಾರೆ. ಸೂಪರ್ + ಎಡ, ಬಲ, ಮೇಲಿನ ಬಾಣಗಳು ವಿಂಡೋಸ್‌ನಲ್ಲಿರುವಂತೆಯೇ ಎರಡು ಅರ್ಧಗಳಿಗೆ ಮತ್ತು ಪೂರ್ತಿ ಪರದೆಗೆ ಒಯ್ಯುತ್ತವೆ. ಸೂಪರ್ ಒಂದನ್ನೇ ಒತ್ತಿದರೆ ಎಲ್ಲ ವಿಂಡೋಗಳ ನೋಟ ಸಿಗುತ್ತದೆ. ಲಿನಕ್ಸ್‌ನಲ್ಲಿ ಇದಕ್ಕಿಂತ ಮುಂದೆ ಹೋದವರೂ ಇದ್ದಾರೆ. 2006ರ ಡಿಡಬ್ಲ್ಯೂಎಂ, 2009ರ ಐ3 ಮುಂತಾದ ತಂತ್ರಾಂಶಗಳಲ್ಲಿ ಹೊಸ ವಿಂಡೋ ತೆರೆದ ಕೂಡಲೇ ಪರದೆ ತಾನಾಗಿ ಹಂಚಿಕೆಯಾಗುತ್ತದೆ, ಒಂದರ ಕೆಳಗೆ ಇನ್ನೊಂದು ಅಡಗುವ ಪ್ರಸಂಗವೇ ಬರುವುದಿಲ್ಲ. ಇಡೀ ನಿರ್ವಹಣೆ ಕೀಲಿಗಳದ್ದು. ದಿನವಿಡೀ ಕೋಡ್ ಬರೆಯುವವರಲ್ಲಿ ಹಲವರು ಇವನ್ನು ಮೆಚ್ಚಿಕೊಂಡಿದ್ದಾರೆ.

ಕನ್ನಡ ಟೈಪಿಸುವವರಿಗೆ

ಕನ್ನಡದಲ್ಲಿ ಬರೆಯುವವರು ಬಹುಮಟ್ಟಿಗೆ ಎರಡು ಲಿಪಿಗಳ ನಡುವೆ ಓಡಾಡುತ್ತಾರೆ. ಬರಹ ಕನ್ನಡದಲ್ಲಿ, ಹುಡುಕಾಟ ಮತ್ತು ವಿಳಾಸಗಳು ಇಂಗ್ಲಿಷಿನಲ್ಲಿ. ವ್ಯವಸ್ಥೆಯಲ್ಲೇ ಅಡಕವಾಗಿರುವ ಕನ್ನಡ ಕೀಲಿಮಣೆ ಬಳಸುವವರು ವಿಂಡೋಸ್ + ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು. ಗ್ನೋಮ್‌ನಲ್ಲಿ ಅದು ಸೂಪರ್ + ಸ್ಪೇಸ್, ಮ್ಯಾಕ್‌ನಲ್ಲಿ ಕಂಟ್ರೋಲ್ + ಸ್ಪೇಸ್.

ಇಲ್ಲಿ ವಿಂಡೋಗಳಿಗೂ ಭಾಷೆಗೂ ಒಂದು ನಂಟಿದೆ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ, ಟೈಪಿಂಗ್ ವಿಭಾಗದ ಹೆಚ್ಚುವರಿ ಆಯ್ಕೆಗಳಲ್ಲಿ, ಪ್ರತಿ ವಿಂಡೋಗೆ ಪ್ರತ್ಯೇಕ ಭಾಷೆ ಇಟ್ಟುಕೊಳ್ಳುವ ಅವಕಾಶವಿದೆ. ಅದನ್ನು ಆರಿಸಿಕೊಂಡರೆ ಬರೆಯುವ ವಿಂಡೋದಲ್ಲಿ ಕನ್ನಡ, ಬ್ರೌಸರಿನಲ್ಲಿ ಇಂಗ್ಲಿಷ್ ಹಾಗೇ ನಿಲ್ಲುತ್ತದೆ. ಆಲ್ಟ್ + ಟ್ಯಾಬ್ ಒತ್ತಿದಾಗ ವಿಂಡೋ ಜೊತೆಗೆ ಭಾಷೆಯೂ ಬದಲಾಗುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡ ಅಕ್ಷರ ಮೂಡಿ ಅಳಿಸುವ, ಬರಹದ ನಡುವೆ ಇಂಗ್ಲಿಷ್ ಅಕ್ಷರ ನುಸುಳುವ ಕಿರಿಕಿರಿ ತಪ್ಪುತ್ತದೆ. ಕನ್ನಡದಲ್ಲಿ ನಿತ್ಯ ಟೈಪಿಸುವವರೆಲ್ಲ ತಿಳಿದಿರಬೇಕಾದ ಸೌಲಭ್ಯ ಇದು.

ಮೌಸ್ ಬಳಸಲಾಗದವರಿಗೆ

ಮೇಲಿನದೆಲ್ಲ ಬಹುತೇಕರಿಗೆ ಅನುಕೂಲದ ಮಾತು. ಕಣ್ಣು ಕಾಣದವರಿಗೆ ಇದೇ ಹೆದ್ದಾರಿ. ಪರದೆಯ ಮೇಲೆ ಮೌಸ್‌ನ ಬಾಣವೆಲ್ಲಿದೆ ಎಂದು ಕಾಣದವರಿಗೆ ಅದರಿಂದ ಉಪಯೋಗವಿಲ್ಲ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಇದರ ಕೆಲಸ ಶುರುವಾಯಿತು. ಆಲ್ಟ್ + ಟ್ಯಾಬ್ ಒತ್ತಿದಂತೆ ಪ್ರತಿ ವಿಂಡೋದ ಹೆಸರು ಕಿವಿಗೆ ಬೀಳುತ್ತದೆ, ಬೇಕಾದದ್ದು ಕೇಳಿದಾಗ ಕೀಲಿ ಬಿಟ್ಟರಾಯಿತು. ಅದರಲ್ಲಿ ಕನ್ನಡದ ಧ್ವನಿಯೂ ಇದೆ. ವಿಂಡೋಸ್‌ನಲ್ಲೇ ಇರುವ ನರೇಟರ್ ಎಂಬ ಓದುಗ ವಿಂಡೋಸ್ + ಕಂಟ್ರೋಲ್ + ಎಂಟರ್‌ಗೆ ತೆರೆದುಕೊಳ್ಳುತ್ತದೆ.

ಒಂದೇ ಕೈ ಅಥವಾ ಒಂದೇ ಬೆರಳು ಬಳಸುವವರಿಗೆ ಎರಡು ಕೀಲಿ ಒಟ್ಟಿಗೆ ಒತ್ತುವುದೇ ಕಷ್ಟ. ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ವಿಂಡೋಸ್‌ನ ಸ್ಟಿಕಿ ಕೀಸ್ ಸೌಲಭ್ಯವನ್ನು ಚಾಲೂ ಮಾಡಬೇಕೇ ಎಂಬ ಪ್ರಶ್ನೆ ಬರುತ್ತದೆ. ಒಪ್ಪಿದರೆ ಕೀಲಿಗಳನ್ನು ಒಂದಾದ ಮೇಲೊಂದರಂತೆ ಒತ್ತಿದರೂ ಒಟ್ಟಿಗೆ ಒತ್ತಿದಂತೆ ವ್ಯವಸ್ಥೆ ಭಾವಿಸುತ್ತದೆ. ತಂತ್ರಾಂಶ ರೂಪಿಸುವವರು ಒಂದೇ ಒಂದು ಗುಂಡಿಯನ್ನು ಮೌಸ್‌ಗೆ ಮಾತ್ರ ನಿಲುಕುವಂತೆ ಬಿಟ್ಟರೂ ಇಂಥ ಬಳಕೆದಾರರ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ. ಕಂಪ್ಯೂಟರ್ ಕಲಿಸುವವರು, ಸರ್ಕಾರಿ ಸೇವೆಗಳಿಗೆ ತಂತ್ರಾಂಶ ಬರೆಯುವವರು ಇದನ್ನು ಮರೆಯಬಾರದು.

ಕಲಿಯುವ ಕ್ರಮ

ಎಲ್ಲವನ್ನೂ ಒಂದೇ ದಿನ ಕಲಿಯಲು ಹೊರಟರೆ ಯಾವುದೂ ಉಳಿಯದು. ಮೊದಲ ವಾರ ಆಲ್ಟ್ + ಟ್ಯಾಬ್ ಒಂದೇ ಸಾಕು. ವಿಂಡೋ ಬದಲಿಸಲು ಕೈ ಮೌಸ್‌ನತ್ತ ಹೋದಾಗಲೆಲ್ಲ ಅದನ್ನು ತಡೆದು ಕೀಲಿ ಒತ್ತುವುದೇ ಅಭ್ಯಾಸ. ಮೊದಮೊದಲು ಕೆಲಸ ನಿಧಾನವಾಗುತ್ತದೆ. ಬೆರಳು ತಾನಾಗಿ ಹೋಗತೊಡಗಿದ ಮೇಲೆ ವಿಂಡೋಸ್ + ಬಾಣಗಳನ್ನು, ಆಮೇಲೆ ವಿಂಡೋಸ್ + ಅಂಕಿಗಳನ್ನು ಸೇರಿಸಿಕೊಳ್ಳಬೇಕು. ಬದಲಿಸುವುದು, ಜೋಡಿಸುವುದು, ನೇರವಾಗಿ ಕರೆಯುವುದು ಎಂಬ ಮೂರು ಮುಖ್ಯ ಅಗತ್ಯಗಳು ಇಷ್ಟರಲ್ಲಿ ಮುಗಿಯುತ್ತವೆ. ಡೆಸ್ಕ್‌ಟಾಪ್‌ಗಳ ಕೀಲಿಗಳು, ಆಲ್ಟ್ + ಸ್ಪೇಸ್ ಮುಂತಾದವನ್ನು ಅಗತ್ಯ ಬಿದ್ದಾಗ ಕಲಿತರೆ ಸಾಕು.

ಚಿತ್ರ ಬಿಡಿಸುವುದು, ನಕ್ಷೆ ನೋಡುವುದು, ಹರಡಿದ ಪುಟದಲ್ಲಿ ಒಂದು ಮೂಲೆಯನ್ನು ಮುಟ್ಟುವುದು ಇಂಥ ಕೆಲಸಗಳಿಗೆ ಮೌಸ್ ಬೇಕು. ಅದನ್ನು ಪೂರ್ತಿ ದೂರವಿಡುವ ಹಟ ಅನಗತ್ಯ. ಆದರೆ ಕೈಗಳು ಕೀಲಿಮಣೆಯ ಮೇಲಿದ್ದು ಮನಸ್ಸು ಬರಹದಲ್ಲಿರುವಾಗ ವಿಂಡೋ ಬದಲಿಸುವಂಥ ಸಣ್ಣ ಕೆಲಸಕ್ಕೆ ಎರಡನ್ನೂ ಅಲ್ಲಿಂದ ಎಬ್ಬಿಸಬೇಕಾಗಿಲ್ಲ.